ರೈಲಿನ ಹೊಟ್ಟೆಯೊಳಗಿನ ವೈರು

ಕಳೆದ ಸಲ ಮಾದರಿ ರೈಲುಗಳ ಬಗ್ಗೆ ಬರೆದಾಗ ಕೊನೆಗೆ, "ಎಂಜಿನ್ನಿಗೆ ದೀಪ ಹಾಕುವುದರ ಬಗ್ಗೆ ಏನಾದರೂ ಇದ್ದರೆ ಕೇಳಿ" ಅಂತ ಒಂದು ಸಾಲು ಸೇರಿಸಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: "ಸುಟ್ಟುಹೋಯಿತು, ಯಾಕೆ?" ಎಲ್ಲರಿಗೂ ಬೇರೆ ಬೇರೆ ಉತ್ತರ ಬರೆಯುವುದು ಆಗದ ಮಾತು. ಒಂದಿಷ್ಟು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಬೆಂಗಳೂರಿನ ಎಸ್‌ಪಿ ರೋಡಿನಿಂದ ಬಿಡಿ ಎಲ್‌ಇಡಿ ತರಿಸಿ, ನನ್ನ ಎಚ್‌ಒ (ನಿಜವಾದ ಅಳತೆಯ 87ರಲ್ಲಿ ಒಂದು ಪಾಲು) ಎಂಜಿನ್ನಿನ ಹಳೇ ಬಲ್ಬ್ ಕಿತ್ತು ಅದೇ ಎರಡು ವೈರಿಗೆ ಬೆಸೆದೆ. ಒಂದು ಸಲ ಫಳ್ ಅಂತು, ಆಮೇಲೆ ಇಲ್ಲ. ಎರಡನೆಯದಕ್ಕೂ ಅದೇ ಗತಿ. ಎಲ್‌ಇಡಿಯೇ ಕಳಪೆಯಾ?
— ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಎಲ್‌ಇಡಿ ಪಾಪ, ಅದರ ತಪ್ಪೇನಿಲ್ಲ. ಬಲ್ಬಿನ ತಂತಿಗೆ ಅದರದ್ದೇ ತಡೆ ಇರುತ್ತದೆ. 12 ವೋಲ್ಟ್ ಕೊಟ್ಟರೆ ತನಗೆ ಬೇಕಾದಷ್ಟು ಕರೆಂಟು ಎಳೆದುಕೊಂಡು ಸುಮ್ಮನಿರುತ್ತದೆ. ಎಲ್‌ಇಡಿಗೆ ಸಾಕು ಅನ್ನುವುದು ಗೊತ್ತಿಲ್ಲ. ಬಿಳಿಯದಕ್ಕೆ ಸುಮಾರು 3 ವೋಲ್ಟ್ ಬೇಕು, ಕೆಂಪು ಮತ್ತು ಹಳದಿಗೆ 2ರ ಆಸುಪಾಸು. ನೇರವಾಗಿ 12 ಕೊಟ್ಟರೆ ಕರೆಂಟು ನುಗ್ಗಿ ಒಳಗಿನದೆಲ್ಲ ಬೆಂದುಹೋಗುತ್ತದೆ.

ಅದಕ್ಕೇ ಜೊತೆಗೆ ಒಂದು ರೆಸಿಸ್ಟರ್ ಬೇಕು. ಲೆಕ್ಕ ಸುಲಭ. 12ರಲ್ಲಿ 3 ಕಳೆದರೆ 9 ವೋಲ್ಟ್ ಉಳಿಯಿತು. ಎಲ್‌ಇಡಿಗೆ 9 ಮಿಲಿಆಂಪಿಯರ್ ಸಾಕು ಅಂದುಕೊಳ್ಳಿ, ಆಗ 1000 ಓಮ್, ಅಂದರೆ 1ಕೆ. ಮೈಮೇಲೆ ಕಂದು, ಕಪ್ಪು, ಕೆಂಪು ಪಟ್ಟಿ ಇರುವ ಕಾಲು ವ್ಯಾಟಿನದು ಧಾರಾಳವಾಗಿ ಸಾಕು. ಯಾವ ಕಾಲಿಗೆ ಹಾಕಬೇಕು ಅಂತ ತುಂಬ ಜನ ಕೇಳುತ್ತಾರೆ. ಯಾವ ಕಾಲಿಗಾದರೂ ಹಾಕಿ, ಕರೆಂಟು ಎರಡನ್ನೂ ದಾಟಲೇಬೇಕಲ್ಲ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಇಲ್ಲದಿದ್ದರೆ ಮೂರನೇ ಎಲ್‌ಇಡಿಯ ಪತ್ರವೂ ನನಗೇ ಬರುತ್ತದೆ. ಮಾಮೂಲಿ ಡಿಸಿ ಹಳಿಯಲ್ಲಿ ಎಂಜಿನ್ ಹಿಂದಕ್ಕೆ ಓಡಿಸಿದಾಗ ಪ್ಲಸ್ಸು ಮೈನಸ್ಸು ಅದಲು ಬದಲಾಗುತ್ತದೆ. ಆಗ ಎಲ್‌ಇಡಿ ಉರಿಯುವುದಿಲ್ಲ. ಅದು ಒಳ್ಳೆಯದೇ, ಮುಂದಕ್ಕೆ ಹೋಗುವಾಗ ಮಾತ್ರ ಉರಿಯುವ ದೀಪ ಪುಕ್ಕಟೆ ಸಿಕ್ಕ ಹಾಗಾಯಿತು. ಆದರೆ ಸಾಮಾನ್ಯ ಎಲ್‌ಇಡಿಗಳು ಉಲ್ಟಾ ವೋಲ್ಟೇಜನ್ನು 5ರ ತನಕ ಮಾತ್ರ ತಾಳುತ್ತವೆ ಅಂತ ತಯಾರಕರೇ ಹೇಳಿರುತ್ತಾರೆ. 12 ಬಂದರೆ ಇವತ್ತಲ್ಲ ನಾಳೆ ಹೋಗುತ್ತದೆ. ಸಾಲಿನಲ್ಲಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು 1ಎನ್4148 ಡಯೋಡ್ ಹಾಕಿ. ಅಥವಾ ಮುಂದಿನ ಬಿಳಿ ಎಲ್‌ಇಡಿ, ಹಿಂದಿನ ಕೆಂಪು ಎಲ್‌ಇಡಿ ಎರಡನ್ನೂ ಒಂದಕ್ಕೊಂದು ಉಲ್ಟಾ ಜೋಡಿಸಿ ಒಂದೇ ರೆಸಿಸ್ಟರಿಗೆ ಕಟ್ಟಿ. ಒಂದು ಉರಿಯುವಾಗ ಇನ್ನೊಂದರ ಮೇಲೆ ಬೀಳುವುದು ಎರಡು ಮೂರು ವೋಲ್ಟ್ ಅಷ್ಟೇ, ಹಾಗಾಗಿ ಒಂದನ್ನೊಂದು ಕಾಯುತ್ತವೆ. ಬಿಡಿ ಭಾಗ ಕಡಿಮೆ ಆದಷ್ಟೂ ನನಗೆ ಇಷ್ಟ.

ಉರಿಸಿ ನೋಡಿದಾಗ ಬೆಳಕು ಜಾಸ್ತಿ ಅನಿಸಿಯೇ ಅನಿಸುತ್ತದೆ. ಮಾದರಿ ಎಂಜಿನ್ನುಗಳಲ್ಲಿ ನಾನು ನೋಡುವ ದೊಡ್ಡ ತಪ್ಪೇ ಅದು, ಕಣ್ಣಿಗೆ ಟಾರ್ಚ್ ಬಿಟ್ಟ ಹಾಗಿರುತ್ತದೆ. 2.2ಕೆ, 4.7ಕೆ ಹಾಕಿ ನೋಡುತ್ತಾ ಹೋಗಿ. ಹಳೇ ಕಾಲದ ಎಂಜಿನ್ ಆದರೆ ನೀಲಿ ಛಾಯೆಯ ಬಿಳಿ ಬೇಡವೇ ಬೇಡ, ವಾರ್ಮ್ ವೈಟ್ ಅಂತ ಕೇಳಿ ತನ್ನಿ.

ಪ್ರಶ್ನೆ: ಹದಿನೈದು ವರ್ಷ ಹಳೆಯ ಡಿಸಿ ಎಂಜಿನ್ನಿಗೆ ಡಿಸಿಸಿ ಡಿಕೋಡರ್ (ಹಳಿಯ ಮೂಲಕ ಬರುವ ಡಿಜಿಟಲ್ ಆದೇಶ ಓದಿ ಎಂಜಿನ್ ಓಡಿಸುವ ಪುಟ್ಟ ಬೋರ್ಡ್) ಹಾಕಿದೆ. ಸಾಕೆಟ್ ಇರಲಿಲ್ಲ, ಬಣ್ಣ ನೋಡಿ ಸರಿಯಾಗಿಯೇ ಬೆಸೆದಿದ್ದೇನೆ. ಹಳಿಯ ಮೇಲೆ ಇಟ್ಟ ಕೂಡಲೇ ಸಣ್ಣ ಹೊಗೆ, ಕೆಟ್ಟ ವಾಸನೆ. ವೈರು ಮೂರು ಸಲ ನೋಡಿದೆ, ಎಲ್ಲಾ ಸರಿ ಇದೆ.
— ಓದುಗರು, ಬೆಂಗಳೂರು

ಉತ್ತರ: ಆ ವಾಸನೆ ನನಗೆ ಗೊತ್ತು ಸ್ವಾಮಿ. ನನ್ನ ಮೊದಲ ಡಿಕೋಡರೂ ಹೀಗೇ ಹೋಯಿತು. ಅದರ ಬೆಲೆ ಇಲ್ಲಿ ಬರೆಯುವುದಿಲ್ಲ, ನಮ್ಮ ಮನೆಯವರೂ ಈ ಪತ್ರಿಕೆ ಓದುತ್ತಾರೆ.

ನಿಮ್ಮ ವೈರು ಸರಿಯಾಗಿಯೇ ಇರಬಹುದು. ಗುಮಾನಿ ಚಾಸಿಯ ಮೇಲೆ. ಹಳೇ ಡಿಸಿ ಎಂಜಿನ್ನುಗಳಲ್ಲಿ ಲೋಹದ ಚಾಸಿಯೇ ಒಂದು ವೈರಿನ ಕೆಲಸ ಮಾಡುತ್ತಿತ್ತು. ಒಂದು ಬದಿಯ ಗಾಲಿಯಿಂದ ಬಂದ ಕರೆಂಟು ಚಾಸಿಗೆ, ಅಲ್ಲಿಂದ ಮೋಟರಿನ ಕೆಳಗಿನ ಬ್ರಷ್ಷಿಗೆ. ಕೆಲವದರಲ್ಲಿ ಚಾಸಿಯೇ ಎರಡು ಹೋಳು, ಒಂದೊಂದು ಹೋಳು ಒಂದೊಂದು ಹಳಿಗೆ, ನಡುವೆ ಮೋಟರು. ಡಿಸಿಗೆ ಅದು ಒಳ್ಳೇ ಉಪಾಯ, ವೈರೇ ಬೇಡ. ಡಿಸಿಸಿಯಲ್ಲಿ ಹಾಗಲ್ಲ. ಹಳಿಯಲ್ಲಿ ಸದಾ 14-15 ವೋಲ್ಟ್, ಪ್ಲಸ್ಸು ಮೈನಸ್ಸು ಸೆಕೆಂಡಿಗೆ ಸಾವಿರಾರು ಸಲ ಅದಲು ಬದಲಾಗುತ್ತಾ ಇರುತ್ತದೆ, ಆ ಬದಲಾವಣೆಯಲ್ಲೇ ಎಂಜಿನ್ನಿಗೆ ಹೋಗುವ ಆದೇಶ ಅಡಗಿರುತ್ತದೆ. ಡಿಕೋಡರ್ ಅದನ್ನು ಓದಿ, ತನ್ನೊಳಗಿನ ನಾಲ್ಕು ಎಲೆಕ್ಟ್ರಾನಿಕ್ ಸ್ವಿಚ್ಚುಗಳ ಮೂಲಕ ಮೋಟರಿಗೆ ಬೇರೆಯೇ ಕರೆಂಟು ಕೊಡುತ್ತದೆ. ಮೋಟರಿನ ಒಂದು ತುದಿ ಚಾಸಿಯ ಮೂಲಕ ಹಳಿಗೂ ತಾಗಿದ್ದರೆ ಹಳಿಯ ಕರೆಂಟು ಹಿಂಬಾಗಿಲಿನಿಂದ ಆ ಸ್ವಿಚ್ಚಿಗೆ ನುಗ್ಗುತ್ತದೆ. ಹೊಗೆ ಬಂದದ್ದು ಅಲ್ಲಿಂದ.

ಮುಂದಿನ ಸಲ ಹೀಗೆ ಮಾಡಿ. ಬೆಸುಗೆ ಕಾಯಿಸುವ ಮುಂಚೆ ಮಲ್ಟಿಮೀಟರ್ ತೆಗೆದುಕೊಂಡು, ಎರಡು ಕಡ್ಡಿ ತಾಗಿಸಿದರೆ ಬೀಪ್ ಅನ್ನುವ ಕಡೆಗೆ ತಿರುಗಿಸಿಡಿ. ಮೋಟರನ್ನು ಹೊರಗೆ ತೆಗೆದು, ಬ್ರಷ್ಷಿನ ಕ್ಲಿಪ್ ಚಾಸಿಗೆ ತಾಗುವ ಜಾಗಕ್ಕೆ ಕ್ಯಾಪ್ಟನ್ ಟೇಪ್ ಅಂಟಿಸಿ. ಅಂಗಡಿಯಲ್ಲಿ ಸಿಗುವ ಹಳದಿ-ಕಂದು ಬಣ್ಣದ, ಬಿಸಿ ತಡೆಯುವ ಟೇಪ್ ಅದು. ಕರೀ ಇನ್ಸುಲೇಷನ್ ಟೇಪ್ ಬೇಡ, ಬಿಸಿಗೆ ಅದರ ಅಂಟು ಕರಗಿ ಜಾರುತ್ತದೆ, ಎರಡು ವರ್ಷ ಬಿಟ್ಟು ಎಂಜಿನ್ ತೆರೆದರೆ ಒಳಗೆಲ್ಲ ಬೆಲ್ಲದ ಪಾಕ. ಲೋಹದ ಸ್ಕ್ರೂ ಮೋಟರನ್ನು ಹಿಡಿದಿದ್ದರೆ ಅದರ ಜಾಗಕ್ಕೆ ನೈಲಾನ್ ಸ್ಕ್ರೂ. ಈಗ ಮೀಟರಿನ ಒಂದು ಕಡ್ಡಿ ಮೋಟರಿನ ತುದಿಗೆ, ಇನ್ನೊಂದು ಎಡಗಡೆ ಗಾಲಿಗೆ, ಆಮೇಲೆ ಬಲಗಡೆ ಗಾಲಿಗೆ, ಆಮೇಲೆ ಚಾಸಿಗೆ. ಮೋಟರಿನ ಇನ್ನೊಂದು ತುದಿಗೂ ಅಷ್ಟೇ. ಎಲ್ಲೂ ಬೀಪ್ ಅನ್ನಬಾರದು. ಮೇಲಿನ ಕವಚ ಹಾಕಿ ಸ್ಕ್ರೂ ಬಿಗಿದ ಮೇಲೆ ಇನ್ನೊಂದು ಸಲ ನೋಡಿ, ಯಾಕೆಂದರೆ ನನ್ನದು ಸುಟ್ಟದ್ದು ಆಗಲೇ. ಬಿಚ್ಚಿಟ್ಟಾಗ ಸರಿ ಇತ್ತು. ಸ್ಕ್ರೂ ಬಿಗಿದಾಗ ಚಾಸಿ ಒಂದು ಕೂದಲೆಳೆ ಬಾಗಿ ಕ್ಲಿಪ್ಪಿಗೆ ತಾಗಿತು. ಒಂದು ನಿಮಿಷದ ಪರೀಕ್ಷೆಗೆ ಸೋಮಾರಿತನ ಮಾಡಿದ್ದೆ.

ಬಣ್ಣಗಳನ್ನೂ ಹೇಳಿಬಿಡುತ್ತೇನೆ, ಅಮೆರಿಕದ ಎನ್‌ಎಂಆರ್‌ಎ ಸಂಘ ಗೊತ್ತುಮಾಡಿದ್ದು ಇದು, ಹೆಚ್ಚಿನ ತಯಾರಕರು ಪಾಲಿಸುತ್ತಾರೆ. ಕೆಂಪು, ಕಪ್ಪು ಹಳಿಗೆ. ಕಿತ್ತಳೆ, ಬೂದು ಮೋಟರಿಗೆ. ಬಿಳಿ ಮುಂದಿನ ದೀಪಕ್ಕೆ, ಹಳದಿ ಹಿಂದಿನದಕ್ಕೆ. ನೀಲಿ ಎಲ್ಲಾ ದೀಪಗಳಿಗೂ ಒಂದೇ ಪ್ಲಸ್. ಇಲ್ಲಿ ಎಡವುವವರು ಜಾಸ್ತಿ, ಬಿಳಿ ಅಂದರೆ ಪ್ಲಸ್ ಇರಬೇಕು ಅಂದುಕೊಳ್ಳುತ್ತಾರೆ. ಅಲ್ಲ. ಎಲ್‌ಇಡಿಯ ಉದ್ದ ಕಾಲು ನೀಲಿಗೆ, ಗಿಡ್ಡ ಕಾಲು ರೆಸಿಸ್ಟರ್ ದಾಟಿ ಬಿಳಿಗೆ. ನೀಲಿ ವೈರು ಚಾಸಿಗೆ ಯಾವತ್ತೂ ತಾಗಬಾರದು. ಹಳೇ ಬಲ್ಬುಗಳ ಒಂದು ತುದಿ ಚಾಸಿಯಲ್ಲೇ ಇರುತ್ತದೆ, ಅದನ್ನೂ ಬಿಡಿಸಿಕೊಳ್ಳಿ.

ಮೋಟರು ಹಳೆಯದಾದರೆ ಇನ್ನೊಂದು ಪರೀಕ್ಷೆ ಇದೆ. ಡಿಕೋಡರ್ ಇಲ್ಲದೆ 12 ವೋಲ್ಟ್ ಡಿಸಿ ಕೊಟ್ಟು, ಒಂದೆರಡು ಸೆಕೆಂಡು ಮೋಟರನ್ನು ತಿರುಗದ ಹಾಗೆ ಹಿಡಿದು, ಎಷ್ಟು ಆಂಪಿಯರ್ ಎಳೆಯುತ್ತದೆ ನೋಡಿ. ಎಚ್‌ಒ ಡಿಕೋಡರುಗಳು ಸಾಮಾನ್ಯವಾಗಿ 1 ಆಂಪಿಯರಿನವು. ಮೋಟರು ಒಂದೂವರೆ ಎಳೆಯುತ್ತಿದ್ದರೆ ದೊಡ್ಡ ಡಿಕೋಡರ್ ಬೇಕು, ಇಲ್ಲವೇ ಹೊಸ ಮೋಟರು.

ಇಷ್ಟೆಲ್ಲ ಆದಮೇಲೂ ಎಂಜಿನ್ನನ್ನು ಮೊದಲು ಇಡಬೇಕಾದದ್ದು ಪ್ರೋಗ್ರಾಮಿಂಗ್ ಹಳಿಯ (ಡಿಕೋಡರಿನ ಸೆಟ್ಟಿಂಗ್ ಓದಲು, ಬರೆಯಲು ಇಟ್ಟ ಬೇರೆ ಹಳಿ) ಮೇಲೆ, ಅಲ್ಲಿ ಕರೆಂಟು ಮಿತಿಯಲ್ಲಿರುತ್ತದೆ. ಕಂಟ್ರೋಲರ್ ಅಲ್ಲಿ ಸಿ.ವಿ. 1ರಲ್ಲಿ (ಸಿ.ವಿ. ಅಂದರೆ ಡಿಕೋಡರ್ ನೆನಪಿಟ್ಟುಕೊಳ್ಳುವ ಒಂದೊಂದು ಸೆಟ್ಟಿಂಗ್) ಹೊಸ ಡಿಕೋಡರಿನ ವಿಳಾಸ 3 ಅಂತ ಓದಿ ಹೇಳಿದರೆ ಡಿಕೋಡರ್ ಬದುಕಿದೆ ಅಂತ ಅರ್ಥ. ಪ್ರೋಗ್ರಾಮಿಂಗ್ ಹಳಿ ಇಲ್ಲದವರು ಹಳಿಗೆ ಹೋಗುವ ಒಂದು ವೈರಿನ ಸಾಲಿನಲ್ಲಿ ಕಾರಿನ ಇಂಡಿಕೇಟರಿನ 12 ವೋಲ್ಟ್ 21 ವ್ಯಾಟ್ ಬಲ್ಬ್ ಹಾಕಿಕೊಳ್ಳಬಹುದು. ಹಳಿಯಲ್ಲಿ ನೇರ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿದು ಹೇಳುತ್ತದೆ, ತಕ್ಷಣ ಆಫ್ ಮಾಡಿ.

ಪ್ರಶ್ನೆ: ನಮ್ಮದು ಹುಬ್ಬಳ್ಳಿ, ಚಿಕ್ಕಂದಿನಿಂದ ಡೀಸೆಲ್ ಶೆಡ್ಡಿನ ಎಂಜಿನ್ ನೋಡುತ್ತಾ ಬೆಳೆದವನು. ಅಮೆರಿಕದ ಎಂಜಿನ್ನಿನ ಚಾಸಿ ಇಟ್ಟುಕೊಂಡು ಎಚ್‌ಒ ಅಳತೆಯಲ್ಲಿ ನಮ್ಮ ರೈಲ್ವೆಯ ಡಬ್ಲ್ಯುಡಿಪಿ-4 ಡೀಸೆಲ್ ಎಂಜಿನ್ ಕಟ್ಟುತ್ತಿದ್ದೇನೆ. ಜೋಡಿ ಹೆಡ್‌ಲೈಟ್, ಮೇಲೆ ಹಳದಿ ಫ್ಲಾಶರ್, ಕ್ಯಾಬಿನ್ ಒಳಗಿನ ದೀಪ ಎಲ್ಲಾ ಬೇಕು. ಹೇಗೆ?
— ಓದುಗರು, ಹುಬ್ಬಳ್ಳಿ

ಉತ್ತರ: ಭಲೇ! ಚಾಸಿಯ ಆಯ್ಕೆಯೂ ಸರಿ, ಡಬ್ಲ್ಯುಡಿಪಿ-4 ಮೂಲತಃ ಅಮೆರಿಕದ ಇಎಂಡಿ ಕಂಪನಿಯ ವಿನ್ಯಾಸವೇ ತಾನೇ. ಒಂದೇ ರಾಜಿ ಅಂದರೆ ಗಾಲಿಗಳ ನಡುವಿನ ಅಗಲ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., ಅದನ್ನು 87ರಿಂದ ಭಾಗಿಸಿದರೆ 19 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಬರುತ್ತದೆ, ಎಚ್‌ಒ ಹಳಿ 16.5 ಮಿ.ಮೀ. ಮಾತ್ರ. ಪಕ್ಕದಿಂದ ನೋಡುವವರಿಗೆ ಗೊತ್ತಾಗಲ್ಲ, ಬಿಟ್ಟುಬಿಡಿ. ಮುಂದೆ ನಿಮ್ಮೂರಿನ 1507 ಮೀಟರ್ ಪ್ಲಾಟ್‌ಫಾರಂ ಕಟ್ಟುವ ಯೋಚನೆ ಬಂದರೆ ಮಾತ್ರ ನೆನಪಿಡಿ, ಎಚ್‌ಒದಲ್ಲೂ ಅದು 17 ಮೀಟರ್ ದಾಟುತ್ತದೆ. ಮನೆ ಸಾಲದು.

ಹೆಡ್‌ಲೈಟಿಗೆ 0603 ಅನ್ನುವ ಪುಟ್ಟ ಅಳತೆಯ, ವೈರು ಬೆಸೆದೇ ಬರುವ ಎಲ್‌ಇಡಿ ತೆಗೆದುಕೊಳ್ಳಿ. ಅದರ ವೈರು ಕೂದಲಿನಷ್ಟು ತೆಳು, ಮೇಲೆ ಅರಗಿನಂಥ ಲೇಪ ಇರುತ್ತದೆ, ಅದನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆಯದೆ ಬೆಸುಗೆ ಕೂರುವುದಿಲ್ಲ. ಜೋಡಿ ದೀಪ ಒಂದರ ಹಿಂದೆ ಒಂದು ಸಾಲಾಗಿ ಕಟ್ಟಿದರೆ 3 ಮತ್ತು 3 ಸೇರಿ 6 ವೋಲ್ಟ್ ಹೋಯಿತು, ಒಂದೇ ರೆಸಿಸ್ಟರ್ ಸಾಕು, ಎರಡೂ ಸಮನಾಗಿ ಉರಿಯುತ್ತವೆ. ಇದು ಡಿಸಿಸಿಗೆ ಚೆನ್ನ. ಮಾಮೂಲಿ ಡಿಸಿಯಲ್ಲಿ ಮಾತ್ರ ಬೇಡ, ಅಲ್ಲಿ ಹಳಿಯ ವೋಲ್ಟೇಜು ವೇಗದ ಜೊತೆಗೇ ಏರುವುದರಿಂದ ಎಂಜಿನ್ ಅರ್ಧ ವೇಗ ಮುಟ್ಟಿದ ಮೇಲೆ ದೀಪ ಹತ್ತೀತು. ಎರಡನ್ನೂ ಪಕ್ಕಪಕ್ಕ ಕಟ್ಟುವುದಾದರೆ ಒಂದೊಂದಕ್ಕೂ ಬೇರೆ ರೆಸಿಸ್ಟರ್ ಹಾಕಿ. ಹಂಚಿಕೊಂಡರೆ ಒಂದು ಜಾಸ್ತಿ ಕುಡಿಯುತ್ತದೆ, ಇನ್ನೊಂದು ಮಂಕು.

ಫ್ಲಾಶರ್ ಹಸಿರು ವೈರಿಗೆ, ಕ್ಯಾಬಿನ್ ದೀಪ ನೇರಳೆ ವೈರಿಗೆ ಕೊಡಿ. ಎರಡರದ್ದೂ ಪ್ಲಸ್ ಅದೇ ನೀಲಿ. ಮಿನುಗುವ ಕೆಲಸಕ್ಕೆ ಬೇರೆ ಸರ್ಕಿಟ್ ಬೇಡ, ಹೆಚ್ಚಿನ ಡಿಕೋಡರುಗಳಲ್ಲಿ ಸಿ.ವಿ. ಬದಲಿಸಿದರೆ ಸಾಕು. ಯಾವ ಸಿ.ವಿ. ಅನ್ನುವುದು ತಯಾರಕರ ಮೇಲೆ ಹೋಗುತ್ತದೆ, ಜೊತೆಗೆ ಬಂದ ಚೀಟಿ ನೋಡಿ. ಒಂದೇ ಬೇಡಿಕೆ. ಫ್ಲಾಶರನ್ನು ಸದಾ ಮಿನುಗಿಸುತ್ತಾ ಓಡಿಸಬೇಡಿ. ನಿಜವಾದ ಎಂಜಿನ್ನಿನಲ್ಲಿ ಅದು ಅಪಾಯದ ಗುರುತು. ಗಾಡಿ ಏನೋ ಆಗಿ ನಿಂತಾಗ, ಪಕ್ಕದ ಹಳಿಯಲ್ಲಿ ಬರುವ ಗಾಡಿಗೆ "ನಿಲ್ಲು" ಅನ್ನಲು ಚಾಲಕರು ಹಾಕುತ್ತಾರೆ. ನೋಡಲು ಚಂದ ಅಂತ ಮದುವೆ ಮನೆಯ ಸೀರಿಯಲ್ ಸೆಟ್ ಮಾಡಿದರೆ ಶೆಡ್ಡಿನವರು ಯಾರಾದರೂ ನೋಡಿ ನಕ್ಕಾರು. ಕ್ಯಾಬಿನ್ ದೀಪವೂ ಹಾಗೇ, ರಾತ್ರಿ ಓಡುವಾಗ ಒಳಗೆ ಕತ್ತಲೆ ಇರುವುದೇ ಸರಿ, ನಿಂತಾಗ ಹಚ್ಚಿ.

ಕವಚದ ಪ್ಲಾಸ್ಟಿಕ್ ಮೂಲಕ ಬೆಳಕು ಸೋರಿ ಇಡೀ ಮೂತಿ ಕೆಂಪಗೆ ಹೊಳೆಯುವುದುಂಟು. ಒಳಗಡೆ ಮೊದಲು ಕಪ್ಪು ಬಣ್ಣ, ಅದರ ಮೇಲೆ ಬೇಕಿದ್ದರೆ ಬೆಳ್ಳಿ ಬಣ್ಣ ಬಳಿಯಿರಿ.

ಪ್ರಶ್ನೆ: ಸ್ಟುಟ್‌ಗಾರ್ಟಿನಲ್ಲಿ ಇದ್ದೇವೆ. ಪಕ್ಕದ ಮನೆಯ ಅಜ್ಜ ನಮ್ಮ ಮಗನಿಗೆ ತಮ್ಮ ಹಳೇ ಮೆರ್ಕ್ಲಿನ್ ಎಂಜಿನ್ ಕೊಟ್ಟರು, ಮೂರು ಹಳಿಯದ್ದು. ಎಲ್‌ಇಡಿ ಹಾಕಿ ಡಿಜಿಟಲ್ ಮಾಡಬಹುದಾ?
— ಕನ್ನಡಿಗ ದಂಪತಿ, ಜರ್ಮನಿ

ಉತ್ತರ: ಆ ಕಂಪನಿಯ ಊರು ಗ್ಯೋಪಿಂಗೆನ್ ನಿಮಗೆ ತೀರಾ ಹತ್ತಿರ, ಒಮ್ಮೆ ಹೋಗಿಬನ್ನಿ. ಎಂಜಿನ್ನಿನ ವಿಷಯಕ್ಕೆ ಬಂದರೆ ಮೇಲೆ ಬರೆದದ್ದೆಲ್ಲ ಪಕ್ಕಕ್ಕಿಡಿ. ಹಳೇ ಮೆರ್ಕ್ಲಿನ್ ಓಡುವುದು ಎಸಿಯಲ್ಲಿ, 16 ವೋಲ್ಟಿನ ತನಕ. ದಿಕ್ಕು ಬದಲಿಸಲು ಒಂದು ಕ್ಷಣ 24 ವೋಲ್ಟ್ ಹೊಡೆತ ಕೊಡುತ್ತಾರೆ, ಒಳಗಿನ ರಿಲೇ ಕಟಕ್ ಅಂತ ತಿರುಗುತ್ತದೆ. ಎರಡೂ ಬದಿಯ ಹಳಿ ಒಂದೇ ತುದಿ, ನಡುವಿನದು ಇನ್ನೊಂದು. ಬಣ್ಣವೂ ಬೇರೆ, ಅಲ್ಲಿ ಕೆಂಪು ಅಂದರೆ ನಡುವಿನ ಹಳಿಯದ್ದು, ಕಂದು ಅಂದರೆ ಬದಿಯ ಹಳಿಯದ್ದು.

ಎಲ್‌ಇಡಿ ಹಾಕಬಹುದು. ಆ 24 ವೋಲ್ಟ್ ಹೊಡೆತದಲ್ಲಿ ಎಸಿಯ ತುದಿ 34ರ ತನಕ ಏರುತ್ತದೆ, ಹಾಗಾಗಿ 1ಕೆ ಸಾಲದು. ಎಸಿಯನ್ನು ಡಿಸಿ ಮಾಡುವ ಸಣ್ಣ ಬ್ರಿಡ್ಜ್ ರೆಕ್ಟಿಫೈಯರ್ ಹಾಕಿ 2.2ಕೆ ಅಥವಾ ಇನ್ನೂ ದೊಡ್ಡದು ಕೊಡಿ. ಡಿಜಿಟಲ್ ಮಾತ್ರ ಬೇಡ ಅನ್ನುತ್ತೇನೆ. ಆ ಮೋಟರಿನಲ್ಲಿ ಅಯಸ್ಕಾಂತದ ಜಾಗದಲ್ಲಿ ತಂತಿ ಸುರುಳಿ ಇದೆ. ಮಾಮೂಲಿ ಡಿಕೋಡರಿಗೆ ಒಗ್ಗಿಸಬೇಕಾದರೆ ಅದನ್ನು ತೆಗೆದು ಕಾಯಂ ಅಯಸ್ಕಾಂತ ಕೂರಿಸಬೇಕು. ಆಗದ ಕೆಲಸವಲ್ಲ, ಆದರೆ ಅಜ್ಜ ಕೊಟ್ಟ ಎಂಜಿನ್ ಅಜ್ಜ ಓಡಿಸಿದ ಹಾಗೇ ಓಡಲಿ, ಆ ಕಟಕ್ ಶಬ್ದದ ಸಮೇತ. ಮಗನಿಗೆ ಡಿಜಿಟಲ್ ಬೇಕಾದರೆ ಬೇರೆ ಕೊಡಿಸಿ. ಜೊತೆಗೆ ಹಳೇ ಲೋಹದ ಟ್ರಾನ್ಸ್‌ಫಾರ್ಮರೂ ಬಂದಿದ್ದರೆ ಅದನ್ನು ಕಪಾಟಿನಲ್ಲಿ ಅಂದಕ್ಕೆ ಇಡಿ, ಪ್ಲಗ್ಗಿಗೆ ಹಾಕಬೇಡಿ, ಒಳಗಿನ ವೈರಿನ ರಬ್ಬರು ಒಣಗಿ ಸೀಳಿರಬಹುದು.

ಪ್ರಶ್ನೆ: ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ದಾಟುವಾಗ ದೀಪ ಮಿಣಮಿಣ, ಸೌಂಡ್ ಕೂಡ ನಿಂತು ಮತ್ತೆ ಶುರುವಾಗುತ್ತದೆ. ಕೀಪ್-ಅಲೈವ್ (ಹಳಿಯ ಕರೆಂಟು ತಪ್ಪಿದಾಗ ಕ್ಷಣಕಾಲ ಕರೆಂಟು ಕೊಡುವ ಕೆಪಾಸಿಟರ್) ಹಾಕಿದರೆ ಸರಿಹೋಗುತ್ತಾ?
— ಓದುಗರು, ಮೈಸೂರು

ಉತ್ತರ: ಹೋಗುತ್ತದೆ, ಆದರೆ ಮೊದಲು ಗಾಲಿ ಒರೆಸಿ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯನ್ನು ಹಳಿಯ ಮೇಲೆ ಹಾಸಿ, ಎಂಜಿನ್ನಿನ ಅರ್ಧ ಗಾಲಿ ಬಟ್ಟೆಯ ಮೇಲೆ, ಅರ್ಧ ಹಳಿಯ ಮೇಲೆ ಇಟ್ಟು ತಿರುಗಿಸಿ. ಬರುವ ಕರಿ ನೋಡಿದರೆ ಗಾಬರಿಯಾಗುತ್ತೀರಿ. ಗಾಲಿಗೆ ಒತ್ತಿಕೊಂಡಿರುವ ತಾಮ್ರದ ಪಟ್ಟಿಗಳು ಎಲ್ಲಾ ಗಾಲಿಗೂ ತಾಗುತ್ತಿವೆಯಾ ಅದನ್ನೂ ನೋಡಿ. ಅರ್ಧ ಕೇಸು ಇಷ್ಟಕ್ಕೇ ಮುಗಿಯುತ್ತದೆ.

ಆಮೇಲೂ ಮಿಣುಕಿದರೆ ಕೆಪಾಸಿಟರ್. ಡಿಕೋಡರಿನ ನೀಲಿಗೆ ಅದರ ಪ್ಲಸ್, ಡಿಕೋಡರಿನ ಗ್ರೌಂಡಿಗೆ ಮೈನಸ್. ಗ್ರೌಂಡ್ ಅಂದರೆ ಹಳಿಯ ಕಪ್ಪು ವೈರು ಅಲ್ಲ! ಕೆಲವು ಡಿಕೋಡರಿನಲ್ಲಿ ಅದಕ್ಕೆ ವೈರೇ ಇರುವುದಿಲ್ಲ, ಬೋರ್ಡಿನಲ್ಲಿ ಒಂದು ಚುಕ್ಕೆಗೆ ಬೆಸೆಯಬೇಕು. 25 ವೋಲ್ಟಿನದೇ ಇರಲಿ, 16ರದ್ದು ಅಂಚಿನಲ್ಲಿರುತ್ತದೆ. ಖಾಲಿ ಕೆಪಾಸಿಟರ್ ಒಮ್ಮೆಲೇ ಕರೆಂಟು ಹೀರದ ಹಾಗೆ 100 ಓಮ್ ರೆಸಿಸ್ಟರ್, ಕೊಡುವಾಗ ತಡೆಯಿಲ್ಲದೆ ಕೊಡಲು ಅದರ ಪಕ್ಕ ಒಂದು ಡಯೋಡ್. 1000 ಮೈಕ್ರೊಫ್ಯಾರಡ್ ದೀಪದ ಮಿಣುಕಿಗೆ ಸಾಕು, ಮೋಟರನ್ನು ಎಳೆದುಕೊಂಡು ಹೋಗಲು ಸಾಲದು, ಅದಕ್ಕೆ ಸೂಪರ್ ಕೆಪಾಸಿಟರ್ ಬೇಕು. ದೊಡ್ಡದು ಹಾಕಿದರೆ ಪ್ರೋಗ್ರಾಮಿಂಗ್ ಹಳಿಯಲ್ಲಿ ಓದುವಾಗ ತಕರಾರು ಬರುತ್ತದೆ, ನಡುವೆ ಬಿಚ್ಚುವ ಪ್ಲಗ್ ಇಡಿ. ಸಿ.ವಿ. 29ರಲ್ಲಿ ಡಿಸಿ ಓಟವನ್ನೂ (ಮಾಮೂಲಿ ಡಿಸಿ ಕೊಟ್ಟರೂ ಓಡುವ ಸೌಲಭ್ಯ) ಆಫ್ ಮಾಡಿಬಿಡಿ, ಅದು ಆನ್ ಇದ್ದರೆ ಹಳಿಯಲ್ಲಿ ಏನಾದರೂ ಎಡವಟ್ಟಾದಾಗ ಎಂಜಿನ್ ಮೇಜಿನ ತುದಿಯ ಕಡೆಗೆ ಓಡಿಬಿಡಬಹುದು.

ಪ್ರಶ್ನೆ: ಸೌಂಡ್ ಡಿಕೋಡರ್ ಹಾಕಿದೆ, ಡೀಸೆಲ್ ಎಂಜಿನ್ ಅಲ್ಲ, ನುಸಿ ಗುಂಯ್‌ಗುಟ್ಟಿದ ಹಾಗೆ ಕೇಳುತ್ತದೆ.
— ಓದುಗರು, ಮಂಗಳೂರು

ಉತ್ತರ: ಸ್ಪೀಕರಿನ ಹಿಂದೆ ಡಬ್ಬಿ ಇಲ್ಲ ಅಲ್ವಾ? ಮುಂದಿನ ಶಬ್ದ, ಹಿಂದಿನ ಶಬ್ದ ಒಂದನ್ನೊಂದು ಅಳಿಸಿಹಾಕುತ್ತವೆ. ಡಬ್ಬಿ ಸಮೇತ ಬರುವ ಪುಟ್ಟ ಶುಗರ್ ಕ್ಯೂಬ್ ಸ್ಪೀಕರ್ ತನ್ನಿ, ಸಂದುಗಳಿಗೆ ಅಂಟು ಹಚ್ಚಿ ಗಾಳಿ ಸೋರದ ಹಾಗೆ ಮಾಡಿ. 8 ಓಮಾ 4 ಓಮಾ ಅನ್ನುವುದನ್ನು ಡಿಕೋಡರಿನ ಚೀಟಿಯಲ್ಲಿ ನೋಡಿಯೇ ಕೊಳ್ಳಿ.

ಪ್ರಶ್ನೆ: ಹನ್ನೆರಡು ವರ್ಷದ ಮಗಳು ಇದೆಲ್ಲ ತಾನೇ ಬೆಸೆಯುತ್ತೇನೆ ಅಂತಾಳೆ. ಕರೆಂಟಿನ ಭಯ ನನಗೆ.
— ತಾಯಿ, ದಾವಣಗೆರೆ

ಉತ್ತರ: ಹಳಿಯ ಮೇಲಿನ 12-15 ವೋಲ್ಟಿಗೆ ಭಯ ಬೇಡಮ್ಮ. ಭಯ ಬೇಕಾದದ್ದು ಗೋಡೆಯ 230ಕ್ಕೆ. ಅಡಾಪ್ಟರ್ ಬಿಚ್ಚುವಂತಿಲ್ಲ, ಮನೆಯಲ್ಲಿ ಟ್ರಾನ್ಸ್‌ಫಾರ್ಮರ್ ಕಟ್ಟುವಂತಿಲ್ಲ, ಇವೆರಡು ಮಾತಿನಲ್ಲಿ ಬಿಗಿಯಾಗಿರಿ. 25 ವ್ಯಾಟಿನ ಸೋಲ್ಡರಿಂಗ್ ಐರನ್, ಅದಕ್ಕೊಂದು ಸ್ಟ್ಯಾಂಡ್, ಕಣ್ಣಿಗೆ ಕನ್ನಡಕ, ಕಿಟಕಿ ತೆರೆದಿರಲಿ. ಮೊದಲ ವಾರ ಎಂಜಿನ್ ಮುಟ್ಟಿಸಬೇಡಿ, ಹಳೇ ರೇಡಿಯೊದ ಬೋರ್ಡ್ ಕೊಟ್ಟು ಬೆಸೆ, ಕೀಳು, ಮತ್ತೆ ಬೆಸೆ ಅನ್ನಿ. ಸೋಲ್ಡರಿನಲ್ಲಿ ಸೀಸ ಇರುತ್ತದೆ, ಊಟಕ್ಕೆ ಕೂರುವ ಮುಂಚೆ ಸೋಪು ಹಾಕಿ ಕೈ ತೊಳೆಯಬೇಕು, ನಡುವೆ ಕುರುಕಲು ತಿಂಡಿಯ ತಟ್ಟೆ ಆ ಮೇಜಿನ ಮೇಲೆ ಬರಕೂಡದು. ಅವಳ ಮೊದಲ ಎಂಜಿನ್ನಿಗೆ ದೀಪ ಹತ್ತಿದ ದಿನ ಒಂದು ಕಾರ್ಡ್ ಬರೆಯಲು ಹೇಳಿ.